ಉಣುಗು ತರುವ ಜ್ವರಗಳು

ಮಲೆನಾಡಿನ ಒಂದು ಹಳ್ಳಿಯಲ್ಲಿ, ಮಾಘ ಮಾಸದ ಒಂದು ಸಂಜೆ, ಒಬ್ಬ ರೈತನಿಗೆ ಚಳಿ ಹಿಡಿದು ಜ್ವರ ಬಂದಿತೆಂದು ಭಾವಿಸೋಣ. ಹಣೆ ಸಿಡಿಯುವಂಥ ತಲೆನೋವು. ಸೊಂಟದಲ್ಲಿ, ಮೀನಖಂಡಗಳಲ್ಲಿ ಬಡಿದು ಹಾಕಿದಂಥ ನೋವು. ಮನೆಯವರು ಕಷಾಯ ಕಾಯಿಸಿ ಕೊಡುತ್ತಾರೆ. ಮರುದಿನ ಪೇಟೆಯ ಅಂಗಡಿಯಿಂದ ಮಾತ್ರೆ ಬರುತ್ತದೆ. ಮೂರನೆಯ ದಿನ ಡಾಕ್ಟರ ಮುಂದೆ ಕುಳಿತ ರೋಗಿ ಹೇಳುವುದು ಮೂರೇ ಮಾತು: ಜ್ವರ, ತಲೆನೋವು, ಮೈಕೈ ನೋವು. ಈ ಮೂರು ಮಾತುಗಳು ಡೆಂಗೆಗೂ ಸಲ್ಲುತ್ತವೆ, ಟೈಫಾಯ್ಡಿಗೂ ಸಲ್ಲುತ್ತವೆ, ಇಲಿಜ್ವರಕ್ಕೂ ಮಂಗನ ಕಾಯಿಲೆಗೂ ಸಲ್ಲುತ್ತವೆ. ಆತ ಹೇಳದೆ ಉಳಿಸಿದ ನಾಲ್ಕನೆಯ ಮಾತೊಂದಿದೆ. ಕಳೆದ ವಾರ ತರಗೆಲೆ ಗುಡಿಸಿ ತರಲು ಬೆಟ್ಟಕ್ಕೆ ಹೋಗಿದ್ದೆ ಎಂಬುದೇ ಆ ಮಾತು. ಅದನ್ನು ಹೇಳಬೇಕೆಂದು ಅವನಿಗೆ ತೋಚುವುದಿಲ್ಲ; ಮಲೆನಾಡಿನವನಿಗೆ ಬೆಟ್ಟಕ್ಕೆ ಹೋಗಿಬರುವುದು ಹೇಳಿಕೊಳ್ಳುವಂಥ ಸಂಗತಿಯೇ ಅಲ್ಲ. ಕೇಳಬೇಕೆಂದು ಎಷ್ಟೋ ವೇಳೆ ಡಾಕ್ಟರಿಗೂ ತೋಚುವುದಿಲ್ಲ. ಉಣುಗಿನಿಂದ ಹರಡುವ ಜ್ವರಗಳಲ್ಲಿ ರೋಗಿಯ ಗತಿ ಬಹುಮಟ್ಟಿಗೆ ಈ ನಾಲ್ಕನೆಯ ಮಾತನ್ನು ಅವಲಂಬಿಸಿದೆ. ಏಕೆಂದರೆ ಈ ಜ್ವರಗಳು ಮೊದಲ ಮೂರು ದಿನ ಒಂದನ್ನೊಂದು ಅಚ್ಚೊತ್ತಿದಂತೆ ಹೋಲುತ್ತವೆ; ಆದರೆ ಕೆಲವಕ್ಕೆ ಅಗ್ಗದ, ನೇರವಾದ ಔಷಧವಿದೆ, ಕೆಲವಕ್ಕೆ ಇಲ್ಲವೇ ಇಲ್ಲ.

ಮೊದಲು ಉಣುಗಿನ ಪರಿಚಯ ಅಗತ್ಯ. ಉಣುಗು, ಉಣ್ಣೆ, ಉಣ್ಣಿ ಎಂದು ಸೀಮೆಗೊಂದು ಹೆಸರಿನಿಂದ ಕರೆಯಿಸಿಕೊಳ್ಳುವ ಈ ಪ್ರಾಣಿ ನಮಗೆ ಹೊಸದಲ್ಲ. ಹಸುವಿನ ಕೆಚ್ಚಲಿಗೇ ಕಚ್ಚಿಕೊಂಡಿದ್ದರೂ ಹಾಲಿನ ರುಚಿ ಅರಿಯದ ಜೀವಿಯೆಂದು ನಮ್ಮ ಹಿರಿಯರು ಇದನ್ನು ಉಪಮಾನಕ್ಕೂ ಬಳಸಿದ್ದಾರೆ. ಇದು ಕೀಟವಲ್ಲ, ಜೇಡ ಚೇಳುಗಳ ಬಳಗಕ್ಕೆ ಸೇರಿದ್ದು. ಮೊಟ್ಟೆಯೊಡೆದಾಗ ಆರು ಕಾಲಿನ ಮರಿ, ಆಮೇಲೆ ಎಂಟು ಕಾಲಿನ ಎಳೆಯ ಉಣುಗು, ಕೊನೆಗೆ ಬಲಿತ ಉಣುಗು. ಕಾಡಿನ ಅನೇಕ ಜಾತಿಗಳು ಈ ಒಂದೊಂದು ಅವಸ್ಥೆಯಲ್ಲಿ ಒಂದೊಂದೇ ಊಟ ಮಾಡುತ್ತವೆ, ಅದೂ ಬೇರೆ ಬೇರೆ ಪ್ರಾಣಿಯ ಮೈಮೇಲೆ. ಒಂದು ಊಟದಲ್ಲಿ ಹೊಕ್ಕ ರೋಗಾಣು ಮುಂದಿನ ಊಟದ ಪ್ರಾಣಿಗೆ ದಾಟುವುದು ಹೀಗೆ. ಉಣುಗು ಹಾರುವುದಿಲ್ಲ, ಜಿಗಿಯುವುದಿಲ್ಲ. ಎಲೆಯ ಅಂಚಿಗೋ ಹುಲ್ಲಿನ ತುದಿಗೋ ಏರಿ, ಮುಂಗಾಲು ಚಾಚಿ, ದಾರಿಹೋಕನನ್ನು ಕಾಯುತ್ತದೆ. ಅದು ಕಚ್ಚಿದರೆ ನೋವಾಗುವುದಿಲ್ಲ, ಎಳೆಯ ಉಣುಗಂತೂ ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಆದುದರಿಂದ ‘ಉಣುಗು ಕಚ್ಚಿತ್ತೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಅದನ್ನು ನಂಬಿ ಕೂರುವಂತಿಲ್ಲ. ‘ಕಾಡಿಗೆ ಹೋಗಿದ್ದಿರಾ? ಮನೆಯಲ್ಲಿ ನಾಯಿ, ದನ ಇವೆಯೇ?’ ಎಂದು ಕೇಳುವುದೇ ಸರಿಯಾದ ಕ್ರಮ.

ರೋಗ ಹರಡುವ ಈ ವಿದ್ಯೆಯನ್ನು ಮನುಷ್ಯ ಮೊದಲು ಕಂಡುಕೊಂಡದ್ದೂ ಉಣುಗಿನಲ್ಲೇ. ಅಮೆರಿಕದಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ಇಬ್ಬರು ದನಗಳ ‘ಟೆಕ್ಸಾಸ್ ಜ್ವರ’ ಉಣುಗಿನಿಂದ ಹರಡುತ್ತದೆಂದು 1893ರಲ್ಲಿ ಪ್ರಕಟಿಸಿದರು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡದ್ದು 1897ರಲ್ಲಿ. ಕೀರ್ತಿ ಮಾತ್ರ ಸೊಳ್ಳೆಯ ಪಾಲಿಗೆ ಹೋಯಿತು.

ನಮ್ಮ ನಾಡಿನ ಉಣುಗು ಜ್ವರಗಳಲ್ಲಿ ಅಗ್ರಸ್ಥಾನ ಮಂಗನ ಕಾಯಿಲೆಗೆ. 1957ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಆ ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನ ಕಡುಜ್ವರದಿಂದ ಮಲಗುತ್ತಿದ್ದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ಜ್ವರವೆಂದರೆ ವೈದ್ಯಲೋಕಕ್ಕೆ ತಟ್ಟನೆ ನೆನಪಾಗುವುದು ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ. ಏಷ್ಯಾ ಖಂಡದಲ್ಲಿ ಎಂದೂ ಕಾಣದ ಆ ಮಾರಿ ಇಲ್ಲಿಗೂ ಬಂದಿತೇ ಎಂಬ ಆತಂಕದಿಂದ ಪುಣೆಯ ವೈರಸ್ ಸಂಶೋಧನ ಕೇಂದ್ರದ ತಂಡ ಧಾವಿಸಿತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಆ ಕಾಲದಲ್ಲಿ ಇಲ್ಲಿ ದುಡಿದರು. ಸಿಕ್ಕಿದ್ದು ಹಳದಿ ಜ್ವರದ ವೈರಾಣುವಲ್ಲ. ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡಿ ಮಿದುಳಿಗೆ ಉರಿಯೂತ ತರುವ ವೈರಾಣುಗಳ ಹತ್ತಿರದ ಬಂಧು ಅದು, ಲೋಕಕ್ಕೆ ಹೊಸದು. ಸೊರಬದ ಒಂದು ಕಾಡಿನ ಹೆಸರು ಹೀಗೆ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ರಷ್ಯದ ಬಂಧು ಮಲೆನಾಡಿಗೆ ಹೇಗೆ ಬಂದಿತು? ವಲಸೆ ಹಕ್ಕಿಗಳ ಮೈಮೇಲಿನ ಉಣುಗು ತಂದಿರಬಹುದೆಂಬ ಊಹೆ ಆಗ ಪ್ರಬಲವಾಗಿತ್ತು. ಸಲೀಂ ಅಲಿಯವರ ಮುಂದಾಳುತನದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತದ್ದರ ಹಿಂದೆ ಈ ಊಹೆಯೂ ಇತ್ತು. ಹಕ್ಕಿಗಳ ವಿಷಯದಲ್ಲಿ ನಮಗೆ ಬಹಳ ತಿಳಿಯಿತು. ಅಪರಾಧವನ್ನು ಅವುಗಳ ಮೇಲೆ ಹೊರಿಸಲು ಆಧಾರ ಸಿಕ್ಕಲಿಲ್ಲ.

ಮಂಗನ ಕಾಯಿಲೆ ಎಂಬ ಹೆಸರು ರೋಗಕ್ಕೆ ನ್ಯಾಯವಾದುದಲ್ಲ ಎಂದು ನನ್ನ ಅಭಿಪ್ರಾಯ. ಕರಿಮೋರೆಯ ಮುಸಿಯವೂ ಸಾಮಾನ್ಯ ಮಂಗವೂ ಈ ರೋಗಕ್ಕೆ ನಮ್ಮಂತೆಯೇ ಬಲಿಯಾಗುವ ಪ್ರಾಣಿಗಳು. ವೈರಾಣು ನೆಲೆಸಿರುವುದು ಕಾಡಿನ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳಲ್ಲಿ ಮತ್ತು ಉಣುಗಿನಲ್ಲಿ. ಆದರೆ ಮಂಗನ ರಕ್ತದಲ್ಲಿ ಅದು ವಿಪರೀತ ವೃದ್ಧಿಯಾಗುತ್ತದೆ. ಆ ರಕ್ತ ಕುಡಿದ ನೂರಾರು ಮರಿಗಳು, ಮಂಗ ಸತ್ತು ಮೈ ತಣ್ಣಗಾದೊಡನೆ ಕಳಚಿ ಬಿದ್ದು, ಸುತ್ತಲಿನ ತರಗೆಲೆಯಲ್ಲಿ ಹರಡಿಕೊಳ್ಳುತ್ತವೆ. ಇನ್ನು ದನಗಳ ಪಾತ್ರ ವಿಚಿತ್ರವಾದುದು. ಅವುಗಳಿಗೆ ಈ ರೋಗ ಬರುವುದಿಲ್ಲ, ಅವುಗಳ ರಕ್ತದಿಂದ ಉಣುಗಿಗೆ ವೈರಾಣು ಸಿಕ್ಕುವ ಸಂಭವವೂ ಕಡಿಮೆ. ಆದರೆ ಬಲಿತ ಉಣುಗು ಹೊಟ್ಟೆ ತುಂಬಿಕೊಂಡು ಸಾವಿರಾರು ಮೊಟ್ಟೆಯಿಡಲು ಬೇಕಾದ ರಕ್ತವನ್ನು ಕಾಡಿನಲ್ಲಿ ಮೇಯುವ ದನಗಳೇ ಒದಗಿಸುತ್ತವೆ. ಕಾಡಿನೊಳಕ್ಕೆ ಗದ್ದೆ, ತೋಟ, ದನ ನುಗ್ಗಿದಷ್ಟೂ ಉಣುಗಿನ ಸಂತತಿ ಬೆಳೆಯಿತು ಎಂದು ಕೊಲಂಬಿಯಾ ದೇಶದಿಂದ ಬಂದು ಇಲ್ಲಿ ಕೆಲಸ ಮಾಡಿದ ಜಾರ್ಜ್ ಬೊಶೆಲ್ 1969ರಲ್ಲೇ ಬರೆದರು. 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದ ಸುತ್ತ ರೋಗ ಭುಗಿಲೆದ್ದು ಸಾವಿರಕ್ಕೂ ಹೆಚ್ಚು ಜನರನ್ನು ಮಲಗಿಸಿದಾಗ ಆ ಮಾತಿನ ಅರ್ಥ ಸ್ಪಷ್ಟವಾಯಿತು. ಆಮೇಲೆ 2012–13ರಲ್ಲಿ ಬಂಡೀಪುರದ ಕಡೆಗೂ ವಯನಾಡಿಗೂ, 2015ರಲ್ಲಿ ಗೋವೆಯ ಸತ್ತರಿಗೂ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ರೋಗ ಮುಟ್ಟಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು, 2024ರಲ್ಲಿ ಸಿದ್ದಾಪುರ ತಾಲ್ಲೂಕು ಅದರ ಹೊಡೆತ ತಿಂದವು.

ಇದರ ಲಕ್ಷಣಗಳನ್ನು ಕ್ರಮವಾಗಿ ನೋಡೋಣ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಥಟ್ಟನೆ ಏರುತ್ತದೆ. ಮೆಲ್ಲಮೆಲ್ಲನೆ ಹತ್ತುವ ಟೈಫಾಯ್ಡಿನ ರೀತಿ ಇದರದಲ್ಲ. ಹಣೆಯ ಭಾಗದಲ್ಲಿ ತಲೆನೋವು, ಕತ್ತು ಸೊಂಟ ಮೀನಖಂಡಗಳಲ್ಲಿ ತೀವ್ರ ನೋವು, ಕೆಂಪಾದ ಕಣ್ಣು, ವಾಂತಿ, ಕೆಲವರಲ್ಲಿ ಭೇದಿ; ಏಳಲಾರದಷ್ಟು ನಿತ್ರಾಣ. ಜ್ವರ ಏರಿದಷ್ಟು ನಾಡಿ ಏರದಿರುವುದು ವೈದ್ಯರು ಗಮನಿಸುವ ಒಂದು ಗುರುತು. ರಕ್ತ ಪರೀಕ್ಷೆಯಲ್ಲಿ ಬಿಳಿಯ ಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿದಿರುತ್ತವೆ. ಡೆಂಗೆಯೆಂದು ಮೋಸ ಹೋಗುವುದು ಇಲ್ಲಿಯೇ, ಏಕೆಂದರೆ ಡೆಂಗೆಯಲ್ಲೂ ಅವು ಇಳಿಯುತ್ತವೆ. ಕೆಲವರಿಗೆ ಮೂಗು, ವಸಡು, ಕರುಳುಗಳಿಂದ ರಕ್ತ ಹೋಗುತ್ತದೆ. ಬಹುಪಾಲು ರೋಗಿಗಳು ಎರಡು ವಾರದೊಳಗೆ ಜ್ವರದಿಂದ ಪಾರಾಗುತ್ತಾರೆ, ಆದರೆ ಮೊದಲಿನ ಕಸುವು ಮರಳಲು ಮತ್ತೆ ಕೆಲವು ವಾರ ಬೇಕು. ಕೂಲಿಯಿಂದ ಬದುಕುವ ಮನೆಗೆ ಆ ವಾರಗಳೂ ಒಂದು ಕಾಯಿಲೆಯೇ.

ಜ್ವರ ಬಿಟ್ಟಿತೆಂದು ನಿಶ್ಚಿಂತರಾಗುವಂತಿಲ್ಲ. ರೋಗಿಗಳಲ್ಲಿ ಶೇಕಡಾ 10ರಿಂದ 20 ಮಂದಿಗೆ, ಒಂದೆರಡು ವಾರ ಚೆನ್ನಾಗಿದ್ದ ಮೇಲೆ, ಜ್ವರ ಮರುಕಳಿಸುತ್ತದೆ. ಈ ಸಲ ಅದರೊಡನೆ ಕತ್ತು ಬಿಗಿಯುವುದು, ಕೈ ನಡುಗುವುದು, ತಲೆ ಸುತ್ತುವುದು, ಮಾತು ಅಸಂಬದ್ಧವಾಗುವುದು ಕಾಣಿಸಬಹುದು. ರೋಗ ಮಿದುಳಿನ ಪೊರೆಗಳನ್ನು ಮುಟ್ಟಿದೆ ಎಂದರ್ಥ. ಆಸ್ಪತ್ರೆಯಿಂದ ಮನೆಗೆ ಬಂದವರ ಮೇಲೆ ಮೂರು ವಾರವಾದರೂ ಕಣ್ಣಿಟ್ಟಿರಬೇಕು ಎಂದು ಹೇಳುವುದು ಇದರಿಂದಲೇ. ಒಟ್ಟಾರೆ ನೂರು ರೋಗಿಗಳಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಕೆಲವು ವರ್ಷ ಇನ್ನೂ ಹೆಚ್ಚು. ವೈರಾಣುವನ್ನು ಕೊಲ್ಲುವ ಔಷಧ ಇಲ್ಲ. ನೀರಿನಂಶ ಕಾಯುವುದು, ರಕ್ತಸ್ರಾವ ನೋಡಿಕೊಳ್ಳುವುದು, ಅಗತ್ಯವಾದರೆ ರಕ್ತದ ಕಣಗಳನ್ನು ಕೊಡುವುದು, ಇಷ್ಟೇ ಚಿಕಿತ್ಸೆ. ಆದರೆ ಇದನ್ನು ಅಲ್ಪವೆಂದು ತಿಳಿಯಬಾರದು. ಬೇಗ ಆಸ್ಪತ್ರೆ ಸೇರಿದವನಿಗೂ ತಡವಾಗಿ ಸೇರಿದವನಿಗೂ ನಡುವಣ ಅಂತರ ಇದರಲ್ಲೇ ಇದೆ. ಅಂಗಡಿಯಿಂದ ತಂದ ನೋವಿನ ಮಾತ್ರೆಗಳು ಇಲ್ಲಿ ಕೇಡು ಮಾಡಬಲ್ಲವು. ಆಸ್ಪಿರಿನ್ ಮೊದಲಾದವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ರೋಗಿಯಿಂದ ಮನೆಯವರಿಗೆ ಈ ರೋಗ ಅಂಟುವುದಿಲ್ಲ. ಹೆದರಿ ರೋಗಿಯನ್ನು ದೂರ ಮಾಡುವ ಮನೆಗಳಲ್ಲಿ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ.

ಕಾಡಿನ ಉಣುಗಿನಿಂದ ಈಗ ಮನೆಯಂಗಳದ ಉಣುಗಿಗೆ ಬರೋಣ. ನಾಯಿಯ ಕಿವಿಯಲ್ಲಿ, ಬೆರಳುಗಳ ಸಂದಿಯಲ್ಲಿ ಕಾಣುವ ಕಂದು ಉಣುಗು ನಮ್ಮ ದೇಶದಲ್ಲಿ ಉಣುಗಿನ ಟೈಫಸ್ ಎಂಬ ಜ್ವರವನ್ನು ಹರಡುತ್ತದೆ. ಟೈಫಸ್ ಎಂದರೆ ಟೈಫಾಯ್ಡ್ ಅಲ್ಲ. ಹೆಸರಿನ ಹೋಲಿಕೆ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಇದನ್ನು ತರುವುದು ವೈರಾಣುವಲ್ಲ, ರಿಕೆಟ್ಸಿಯಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯ. ಕಚ್ಚಿದ ಸುಮಾರು ಒಂದು ವಾರಕ್ಕೆ ಜ್ವರ, ತಲೆನೋವು, ಮೈನೋವು. ಇಲ್ಲಿಯವರೆಗೆ ಮಂಗನ ಕಾಯಿಲೆಯದೇ ಪಾಠ. ಬಳಿಕ ಮೂರನೆಯ ದಿನದಿಂದ ಐದನೆಯ ದಿನದೊಳಗೆ ಮಣಿಕಟ್ಟು ಹರಡುಗಳಲ್ಲಿ ಕೆಂಪು ಕಲೆಗಳು ಮೂಡಿ ಮೈಗೆಲ್ಲ ಹರಡುತ್ತವೆ. ಅಂಗೈ ಅಂಗಾಲುಗಳನ್ನೂ ಅವು ಬಿಡುವುದಿಲ್ಲ. ಇತರ ಅನೇಕ ಜ್ವರಗಳ ಗುಳ್ಳೆ ಕಲೆಗಳು ಎದೆ ಹೊಟ್ಟೆಗಳಲ್ಲಿ ಆರಂಭವಾಗುವುದರಿಂದ ಈ ಒಂದು ಗುರುತು ಬಹಳ ಬೆಲೆಯುಳ್ಳದ್ದು. ಮಂಗನ ಕಾಯಿಲೆಯಲ್ಲಿ ಇಂಥ ಕಲೆಗಳು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ನಮ್ಮ ಶ್ಯಾಮಲ ವರ್ಣದ ಚರ್ಮದಲ್ಲಿ ಕೆಂಪು ಕಲೆ ಸುಲಭವಾಗಿ ಕಾಣದು. ಮಕ್ಕಳನ್ನು ಬೆಳಕಿಗೆ ತಂದು, ಅಂಗೈ ಅಂಗಾಲು ತಿರುಗಿಸಿ ನೋಡಬೇಕು.

ಹೀಗೆ ಹುಡುಕಿ ನೋಡುವುದಕ್ಕೆ ಬಲವಾದ ಕಾರಣವಿದೆ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಿ ಹೊಟ್ಟೆ ಸೇರಿದರೆ ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ. ಇದನ್ನು ಬಿಟ್ಟು ಪೆನಿಸಿಲಿನ್ ಜಾತಿಯ ಔಷಧಗಳನ್ನು ವಾರಗಟ್ಟಲೆ ಕೊಟ್ಟರೂ ಫಲವಿಲ್ಲ. ಅಷ್ಟರಲ್ಲಿ ರೋಗಾಣು ರಕ್ತನಾಳಗಳ ಒಳಪೊರೆಯನ್ನು ಕೆಡಿಸಿ ಮೂತ್ರಪಿಂಡ, ಶ್ವಾಸಕೋಶ, ಮಿದುಳುಗಳಿಗೆ ಕೈ ಹಾಕಿರುತ್ತದೆ. ಪರೀಕ್ಷೆಯ ಫಲಿತಾಂಶ ಬರುವ ತನಕ ಕಾಯದೆ, ಸಂದೇಹ ಬಂದೊಡನೆ ಔಷಧ ಆರಂಭಿಸುವುದೇ ಇಂದು ಒಪ್ಪಿತವಾದ ಕ್ರಮ. ಇದೇ ಕುಲದ ಅಮೆರಿಕದ ‘ರಾಕಿ ಪರ್ವತದ ಕಲೆಜ್ವರ’ ಔಷಧವಿಲ್ಲದ ಕಾಲದಲ್ಲಿ ಐವರಲ್ಲಿ ಒಬ್ಬರನ್ನಾದರೂ ಒಯ್ಯುತ್ತಿತ್ತು. ಅದು ಉಣುಗಿನಿಂದ ಹರಡುತ್ತದೆಂದು 1906ರಲ್ಲಿ ತೋರಿಸಿಕೊಟ್ಟ ಹೊವರ್ಡ್ ರಿಕೆಟ್ಸ್, 1910ರಲ್ಲಿ ಮೆಕ್ಸಿಕೋದಲ್ಲಿ ಅದರ ದಾಯಾದಿಯಾದ ಟೈಫಸ್ ಜ್ವರವನ್ನು ಶೋಧಿಸುತ್ತಿದ್ದಾಗ ಅದೇ ಜ್ವರಕ್ಕೆ ತುತ್ತಾದರು. ಈ ರೋಗಾಣುಗಳಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

ನಮ್ಮಲ್ಲಿ ಈಗ ಬಹಳ ಕಡೆ ಕಾಣುತ್ತಿರುವ ‘ಸ್ಕ್ರಬ್ ಟೈಫಸ್’ ಉಣುಗಿನದಲ್ಲ. ಪೊದೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಗಳದು. ಕಂಕುಳು, ತೊಡೆಯ ಸಂದಿ, ಸೊಂಟಪಟ್ಟಿಯ ಕೆಳಗೆ ಸಿಗರೇಟಿನಿಂದ ಸುಟ್ಟಂಥ, ನೋವಿಲ್ಲದ ಕಪ್ಪು ಹೆಕ್ಕಳೆ ಇದ್ದರೆ ಇದನ್ನು ಶಂಕಿಸಬೇಕು. ಔಷಧ ಅದೇ.

ಇನ್ನೊಂದು ಜ್ವರ ನಮ್ಮ ನೆರೆಗೆ ಬಂದಿದೆ. 1944ರಲ್ಲಿ ಕ್ರಿಮಿಯಾದಲ್ಲಿ ಕಂಡ ಒಂದು ರಕ್ತಸ್ರಾವದ ಜ್ವರವೂ ಮುಂದೆ 1956ರಲ್ಲಿ ಕಾಂಗೋದಲ್ಲಿ ದೊರೆತ ವೈರಾಣುವೂ ಒಂದೇ ಎಂದು ತಿಳಿದುಬಂದ ಮೇಲೆ ಅದಕ್ಕೆ ಎರಡೂ ಸ್ಥಳಗಳ ಹೆಸರು ನಿಂತಿತು. 2011ರ ಜನವರಿಯಲ್ಲಿ ಗುಜರಾತಿನ ಅಹಮದಾಬಾದ್ ಜಿಲ್ಲೆಯಲ್ಲಿ ಒಬ್ಬ ಹೆಂಗಸು ಈ ರೋಗದಿಂದ ಸತ್ತಳು. ಆಕೆಗೆ ಚಿಕಿತ್ಸೆ ಮಾಡಿದ ವೈದ್ಯರೊಬ್ಬರೂ ದಾದಿಯೊಬ್ಬರೂ ಸತ್ತರು. ದನ, ಕುರಿ, ಒಂಟೆಗಳ ಮೈಮೇಲಿನ ದೊಡ್ಡ ಉಣುಗುಗಳು ಇದನ್ನು ತರುತ್ತವೆ. ಪ್ರಾಣಿಗಳಿಗೆ ಕಾಯಿಲೆಯ ಸುಳಿವೂ ಇರುವುದಿಲ್ಲ, ಅವುಗಳ ರಕ್ತ ಮುಟ್ಟಿದ ಕಟುಕನಿಗೂ ಕುರಿಗಾಹಿಗೂ ರೋಗ ಬರಬಹುದು. ಲಕ್ಷಣದ ಪಟ್ಟಿಯನ್ನು ಮಾತ್ರ ನೋಡಿದರೆ ಇದು ಮಂಗನ ಕಾಯಿಲೆಯಂತೆಯೇ: ಥಟ್ಟನೆ ಜ್ವರ, ಮೈನೋವು, ಕೆಂಪು ಕಣ್ಣು, ಇಳಿದ ಪ್ಲೇಟ್‌ಲೆಟ್, ರಕ್ತಸ್ರಾವ. ಅಪಾಯದ ಲೆಕ್ಕದಲ್ಲಿ ಅಜಗಜಾಂತರ. ಇದರಲ್ಲಿ ನೂರಕ್ಕೆ ಹತ್ತರಿಂದ ನಲವತ್ತು ಮಂದಿಯ ತನಕ ಸಾಯುವುದುಂಟು. ಮಂಗನ ಕಾಯಿಲೆ ರೋಗಿಯಲ್ಲೇ ನಿಲ್ಲುತ್ತದೆ. ಇದು ರೋಗಿಯ ರಕ್ತದಿಂದ ಶುಶ್ರೂಷೆ ಮಾಡುವವರಿಗೆ ದಾಟುತ್ತದೆ.

ಮಕ್ಕಳು ಅಮೆರಿಕದಲ್ಲಿರುವ ತಂದೆತಾಯಿಗಳು ಇಂದು ನಮ್ಮಲ್ಲಿ ಬಹಳ. ಅಲ್ಲಿಂದ ಬರುವ ಮಾತಿನಲ್ಲಿ ‘ಲೈಮ್ ರೋಗ’ ಕೇಳಿರಬಹುದು. ಇದು ನಿಂಬೆಗೆ ಸಂಬಂಧಿಸಿದ್ದಲ್ಲ, ಕನೆಕ್ಟಿಕಟ್ ರಾಜ್ಯದ ಒಂದು ಊರಿನ ಹೆಸರು. 1975ರ ಸುಮಾರಿಗೆ ಅಲ್ಲಿ ಅನೇಕ ಮಕ್ಕಳಿಗೆ ಒಟ್ಟೊಟ್ಟಿಗೆ ಕೀಲುನೋವು ಬಂದಾಗ, ಇದು ಆಕಸ್ಮಿಕವಲ್ಲವೆಂದು ಹಟ ಹಿಡಿದವರು ಆ ಮಕ್ಕಳ ತಾಯಂದಿರು. ರೋಗಾಣುವನ್ನು ಉಣುಗಿನಲ್ಲಿ ಕಂಡ ವಿಲ್ಲಿ ಬರ್ಗ್‌ಡಾರ್ಫರ್ 1982ರಲ್ಲಿ ಅದನ್ನು ಪ್ರಕಟಿಸಿದರು. ಲೈಮ್ ರೋಗ ಮೇಲೆ ಹೇಳಿದವುಗಳಿಗಿಂತ ಸಾವಧಾನದ್ದು. ಕಚ್ಚಿದ ಜಾಗದ ಸುತ್ತ, ಮೂರು ದಿನದಿಂದ ಒಂದು ತಿಂಗಳೊಳಗೆ, ಬಳೆಯಂತೆ ದಿನದಿನಕ್ಕೆ ಅಗಲವಾಗುವ ಕೆಂಪು ಮಚ್ಚೆ; ಅಲಕ್ಷಿಸಿದರೆ ತಿಂಗಳುಗಳ ಮೇಲೆ ಮೊಣಕಾಲಿನ ಬಾವು, ಮುಖದ ಒಂದು ಪಕ್ಕದ ಸ್ವಾಧೀನ ತಪ್ಪುವುದು, ಕೆಲವರಿಗೆ ಹೃದಯದ ಬಡಿತದಲ್ಲಿ ಏರುಪೇರು. ಸಾವು ಅಪರೂಪ, ನರಳಾಟ ದೀರ್ಘ. ಆರಂಭದಲ್ಲೇ ಗುರುತಿಸಿದರೆ ಡಾಕ್ಸಿಸೈಕ್ಲಿನ್ನಿಗೇ ಗುಣವಾಗುತ್ತದೆ. ಆ ಉಣುಗು ರೋಗವನ್ನು ದಾಟಿಸಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಕಾಲ ಕಚ್ಚಿಕೊಂಡಿರಬೇಕು. ಸಂಜೆ ಮನೆಗೆ ಬಂದು ಮೈ ನೋಡಿಕೊಳ್ಳುವ ಅಭ್ಯಾಸಕ್ಕೆ ಅಲ್ಲಿ ಇಷ್ಟು ಮಹತ್ವ ಬಂದಿರುವುದು ಇದರಿಂದ.

ಮೈ ನೋಡಿಕೊಳ್ಳುವ ಅಭ್ಯಾಸ ನಮಗೂ ಬೇಕಾದದ್ದೇ. ಕಚ್ಚಿಕೊಂಡ ಉಣುಗಿಗೆ ಬೀಡಿಯ ಬೆಂಕಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು, ಉಗುರಿನಲ್ಲಿ ಕುಕ್ಕುವುದು ಇವೆಲ್ಲ ಹಳೆಯ ರೂಢಿಗಳು. ಹಾಗೆ ಹಿಂಸಿಸಿದ ಉಣುಗು ತನ್ನೊಳಗಿನ ರಸವನ್ನು ಗಾಯಕ್ಕೆ ಕಾರಬಹುದು; ಬೆರಳಿನಲ್ಲಿ ಹೊಸಕಿದರೆ ಅದು ಕೈಗಂಟುತ್ತದೆ. ಸಣ್ಣ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆಳೆದು ಸೋಪಿನಿಂದ ತೊಳೆಯಬೇಕು. ಕಾಡಿಗೆ ಹೋಗುವ ಮೊದಲು ಕೈಕಾಲುಗಳಿಗೆ ಹಚ್ಚಲು ಆರೋಗ್ಯ ಇಲಾಖೆ ಎಣ್ಣೆ ಹಂಚುತ್ತದೆ, ಮೊದಲು ಡಿ.ಎಂ.ಪಿ. ಎಂಬುದಿತ್ತು, ಈಚೆಗೆ ಡೆಪಾ ಬಂದಿದೆ. ಬಂದ ಮೇಲೆ ಬಿಸಿನೀರಿನ ಸ್ನಾನ, ಉಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು. ನವೆಂಬರಿನಿಂದ ಮೇ ತನಕ, ಎಳೆಯ ಉಣುಗು ತರಗೆಲೆಯ ಮೇಲೆ ಇರುವ ಕಾಲದಲ್ಲಿ, ಇದಾವುದನ್ನೂ ಬಿಡುವಂತಿಲ್ಲ. ಆ ತಿಂಗಳುಗಳಲ್ಲೇ ತೋಟಕ್ಕೂ ಕೊಟ್ಟಿಗೆಗೂ ತರಗೆಲೆ ಬೇಕು, ಅಡಿಗೆಗೆ ಸೌದೆ ಬೇಕು. ‘ಕಾಡಿಗೆ ಹೋಗಬೇಡಿ’ ಎಂಬ ಪ್ರಕಟಣೆ ಬರೆಯುವುದು ಸುಲಭ.

ಇದಕ್ಕೊಂದು ಲಸಿಕೆ ಇತ್ತು. 1990ರಿಂದ ಮಲೆನಾಡಿನ ಹಳ್ಳಿಗಳಲ್ಲಿ ಅದನ್ನು ಕೊಡುತ್ತ ಬಂದರು. ಎರಡು ಸಲ ಹಾಕಿಸಿಕೊಂಡವರಿಗೆ ಸುಮಾರು ಶೇಕಡಾ 62ರಷ್ಟು, ಮತ್ತೆ ಬಲವರ್ಧಕ ಹಾಕಿಸಿಕೊಂಡವರಿಗೆ ಸುಮಾರು 83ರಷ್ಟು ರಕ್ಷಣೆ ದೊರೆಯಿತೆಂದು 2005ರಿಂದ 2010ರ ತನಕದ ಅಂಕಿಅಂಶಗಳು ತೋರಿಸಿದ್ದವು. ಆದರೆ ಚುಚ್ಚಿದ ಜಾಗ ಬಹಳ ನೋಯುತ್ತಿದ್ದುದರಿಂದ ಎರಡನೆಯ ಸಲಕ್ಕೆ ಬರುವವರೇ ಕಡಿಮೆ. ಬರಬರುತ್ತ ಲಸಿಕೆಯ ಸತ್ವವೇ ಕುಂದಿತೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆಗೆ ಪ್ರಯತ್ನ ಆರಂಭವಾಗಿದೆ. ನಲವತ್ತು ಐವತ್ತು ಮನೆಗಳ ಹಳ್ಳಿಗಳಲ್ಲಿ ಮಾತ್ರ ಬರುವ ರೋಗಕ್ಕೆ ಲಸಿಕೆ ಮಾಡುವ ಉತ್ಸಾಹ ಲೋಕದ ಕಂಪನಿಗಳಲ್ಲಿ ಎಂದೂ ಹೆಚ್ಚಾಗಿರಲಿಲ್ಲ.

ಸತ್ತ ಮಂಗನನ್ನು ಕಂಡರೆ ಹನುಮಂತನ ಅಂಶವೆಂದು ಹೊತ್ತು ತಂದು, ಅರಿಶಿನ ಕುಂಕುಮವಿಟ್ಟು ಮಣ್ಣು ಮಾಡುವ ಸಂಪ್ರದಾಯ ನಮ್ಮ ಅನೇಕ ಊರುಗಳಲ್ಲಿದೆ. ಆ ಭಕ್ತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ, ಆದರೆ ಆ ದೇಹವನ್ನು ಮುಟ್ಟಬಾರದು, ಅದರ ಬಳಿಗೆ ಹೋಗಲೂಬಾರದು. ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ಅರಣ್ಯ ಇಲಾಖೆಗೋ ತಿಳಿಸಿದರೆ, ತಕ್ಕ ಉಡುಪು ತೊಟ್ಟವರು ಬಂದು ಪರೀಕ್ಷೆಗೆ ಬೇಕಾದದ್ದನ್ನು ತೆಗೆದುಕೊಂಡು, ದೇಹವನ್ನು ಸುಟ್ಟು, ಸುತ್ತಲಿನ ಐವತ್ತು ಮೀಟರಿನಷ್ಟು ನೆಲಕ್ಕೆ ಉಣುಗು ಕೊಲ್ಲುವ ಪುಡಿ ಉದುರಿಸುತ್ತಾರೆ. ಆ ಊರಿನ ದಾರಿಯಲ್ಲಿ ದನ ಹೊಡೆಯುವವರು ಬೇರೆ ದಾರಿ ಹಿಡಿಯಬಹುದು. ಅನೇಕ ಸಲ ಮಂಗ ಸತ್ತ ಸುದ್ದಿ, ಮೊದಲ ರೋಗಿ ಹಾಸಿಗೆ ಹಿಡಿಯುವುದಕ್ಕಿಂತ ಒಂದೆರಡು ವಾರ ಮುಂಚಿತವಾಗಿಯೇ ಊರಿಗೆ ಬಂದಿರುತ್ತದೆ.